ಹೊಳೆದಂಡೆಯಲ್ಲಿ ಎರಡು ಪೂಜೆ

ಎಸ್.ಎಸ್. ಬಡಾವಣೆ, ದಾವಣಗೆರೆ
೧೦-೨-೨೦೨೫

ತಂಗಿ ವಾಣಿಗೆ ಅಕ್ಕ ಗುರುಶಾಂತಮ್ಮನ ಆಶೀರ್ವಾದಗಳು.

ಹದಿನೈದು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ತಪ್ಪು ನನ್ನದೇ. ಆದರೆ "ಭಾವನ್ನ ಒಬ್ರನ್ನೇ ಹೊರಗ ಬಿಡಬ್ಯಾಡ, ಮರೆವು ಶುರುವಾಗೈತೆ" ಎಂದು ನೀನು ಹೇಳಿದ್ದು ನನ್ನ ಮೈಯೆಲ್ಲ ಉರಿಸಿತ್ತು. ನಿನ್ನ ಮಾತು ಸುಳ್ಳು ಮಾಡಬೇಕೆಂದೇ ನಿನ್ನೆ ಅವರನ್ನು ಹರಿಹರ ಸುತ್ತಾಡಿಸಲು ಕರೆದುಕೊಂಡು ಹೋದೆ. ಅವರು ಹುಟ್ಟಿ ಬೆಳೆದ ಊರು, ಒಂದು ದಿನ ಓಡಾಡಿದರೆ ತಿಳಿಯುತ್ತದಲ್ಲ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕುಳಿತಿರುತ್ತಾರೆ, ಅದಕ್ಕೇ ಈ ಕಾಗದ.

ಗುಡಿಯಲ್ಲಿ ನನ್ನನ್ನು ಕೂರಲು ಬಿಟ್ಟರೆ ಕೇಳು! ಹೊಯ್ಸಳರು ಕಟ್ಟಿಸಿದ್ದು, ದೇವರ ಅರ್ಧ ಮೈ ಹರಿ, ಅರ್ಧ ಹರ ಎಂದು ಕಂಬಕಂಬಕ್ಕೂ ನಿಲ್ಲಿಸಿ ಪಾಠ. ಆಮೇಲೆ ಹಳೇ ಪೇಟೆ. ಯಾವ ಓಣಿಯಲ್ಲಿ ಎಣ್ಣೆ ಗಾಣವಿತ್ತು, ಸಂತೆ ದಿನ ಬಂಡಿಗಳನ್ನು ಎಲ್ಲಿ ಬಿಡುತ್ತಿದ್ದರು, ಎಲ್ಲ ಬಾಯಿಪಾಠ. ಮಂಡಕ್ಕಿ ಅಂಗಡಿಯ ಜಮಾಲ್ ಸಾಬರನ್ನು ಎಷ್ಟೋ ವರ್ಷದ ಮೇಲೆ ಕಂಡರೂ ಹೆಸರು ಹಿಡಿದು ಕರೆದರು. ಮನಸ್ಸಿನಲ್ಲೇ ನಿನಗೆ ಚೆನ್ನಾಗಿ ಬೈದೆ.

ಮಂಡಕ್ಕಿ ಕೈಗೆ ಬಂದ ಕೂಡಲೇ ಶುರುವಾಯಿತು ನೋಡು. "ಲಿಂಗಪೂಜಿ ಆಗಿಲ್ಲ, ತಿನ್ನಂಗಿಲ್ಲ" ಅಂದರು. ಬೆಳಿಗ್ಗೆ ವಿಭೂತಿ, ಪತ್ರೆ ಎತ್ತಿಕೊಟ್ಟವಳೇ ನಾನು! "ಆಗೈತ್ರಿ" ಎಂದರೆ, "ನನ್ನ ಪೂಜಿ ನಿನಗೊತ್ತೋ, ನನಗೊತ್ತೋ?" ಹೊಳೆಗೆ ಇಳಿದು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸಿದರು. ಮೇಲೆ ಬಂದು ಇನ್ನೇನು ಬಾಯಿಗೆ ಹಾಕಬೇಕು, ಮತ್ತೆ ಅದೇ ಮಾತು. ಮತ್ತೆ ಹೊಳೆ! ಜಮಾಲ್ ಸಾಬರು ಬಿಸಿಬಿಸಿ ಕೊಟ್ಟ ಮಿರ್ಚಿ ತಣ್ಣಗಾಯಿತು, ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. "ನಿಮಗ ಕೈ ಮುಗಿತೀನಿ, ಸಾಕು ಮಾಡ್ರಿ" ಎಂದು ದಂಡೆಯಲ್ಲೇ ಕೂಗಾಡಿಬಿಟ್ಟೆ, ಜನ ತಿರುಗಿ ನೋಡಿದರು. ಭಕ್ತಿ ಜಾಸ್ತಿಯಾಗಿದೆ, ಅಷ್ಟೇ. ವಯಸ್ಸಾದ ಮೇಲೆ ಯಾರಿಗೆ ಆಗುವುದಿಲ್ಲ? ನೀನು ಅದಕ್ಕೊಂದು ರೋಗದ ಹೆಸರಿಡಬೇಡ.

ನಿನ್ನ ಮನೆಯವರಿಗೆ ಶರಣು ಹೇಳು. ಮಕ್ಕಳು ಮರಿ ಎಲ್ಲ ಸುಖವಾಗಿರಿ, ನಿನ್ನ ಮೇಲಿನ ಸಿಟ್ಟೂ ಇಳಿದಿದೆ.

ನಿನ್ನ ಅಕ್ಕ,
ಗುರುಶಾಂತಮ್ಮ

ತಾ.ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸರಿದು ಕೂತು, ಬಹಳ ಮರ್ಯಾದೆಯಿಂದ, "ತಾಯಿ, ನೀವು ಎಲ್ಲಿ ಇಳೀಬೇಕ್ರಿ?" ಎಂದು ಕೇಳಿದರು. ನಲವತ್ತೊಂದು ವರ್ಷದಲ್ಲಿ ಒಂದು ದಿನವೂ ನನ್ನನ್ನು ಬಹುವಚನದಲ್ಲಿ ಕರೆದವರಲ್ಲ. "ನೀವೆಲ್ಲಿ ಇಳಿತೀರೋ ನಾನೂ ಅಲ್ಲೇರಿ" ಅಂದೆ. ಕಾಗದ ಮುಟ್ಟಿದ ಕೂಡಲೇ ಹೊರಟು ಬಾ, ವಾಣಿ.