ಬಾಲೆ ಎಂದರೆ ಹುಡುಗಿಯಲ್ಲ

ಅಬು ಹಲೀಫಾ, ಕುವೈತ್
೧೬ ನವೆಂಬರ್ ೨೦೨೪

ಮೊಮ್ಮಗಳು ಅಪೇಕ್ಷಾಳಿಗೆ ಅಜ್ಜಿಯ ಆಶೀರ್ವಾದಗಳು.

ಹಾಡು ಕಳಿಸಿ ಮೂರು ವಾರವಾದರೂ ಅಜ್ಜಿ ಏನೂ ಹೇಳಲಿಲ್ಲ ಎಂದು ನಿನ್ನ ಅಪ್ಪನ ಹತ್ತಿರ ದೂರಿದೆಯಂತೆ. ತಡವಾದದ್ದು ನನ್ನದೇ ತಪ್ಪು. ಸಿಟ್ಟಿನಲ್ಲಿ ಬರೆದ ಎರಡು ಕಾಗದ ಹರಿದು ಹಾಕಿದ್ದೇನೆ. ಇದು ಮೂರನೆಯದು. ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಫೋನಿನಲ್ಲಾದರೆ "ಓಕೆ ಅಜ್ಜಿ" ಎಂದು ಮುಗಿಸಿಬಿಡುತ್ತೀ. ಕೆಳಗಿನ ಮನೆಯ ಮೋರಿಸ್‌ನ ತಂಗಿಯೂ ನಿನ್ನ ಹಾಗೆ ನರ್ಸ್ ಕೆಲಸಕ್ಕೆ ಐರ್ಲೆಂಡಿಗೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಕೂತು ಓದು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಪ್ಪ ಸುಮಿತ್‌ಗೆ ಸಬ್ಹಾನ್ ಫ್ಯಾಕ್ಟರಿಯಲ್ಲಿ ಪುನಃ ಬೆಳಗಿನ ಪಾಳಿ.

ನಿನ್ನ ಹಾಡು ಬಂದ ವಾರ, ಶುಕ್ರವಾರ ಮೋರಿಸ್ ಊಟಕ್ಕೆ ಬಂದಿದ್ದ. ಸುಮಿತ್ ಟಿವಿಯಲ್ಲಿ ನಿನ್ನ ಹಾಡು ಹಾಕಿದ. ಗಿಟಾರು, ಪಿಟೀಲುಗಳ ನಡುವೆ ನೀನು "ಲಕ್ಕ್‌ಲ ಬಾಲೆ, ಕಂಡ ಮುಗಿಂಡ್" ಎಂದು ನಗುತ್ತ ಹಾಡುತ್ತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟೆ ಬಿಟ್ಟು ಎದ್ದೆ.

ಐರ್ಲೆಂಡಿನ ಈಗಿನ ಹಾಡುಗಾರರ ವಿಷಯ ನೀನು ಮೊದಲು ಹೇಳಿದಾಗ ನನಗೆ ಹೆಮ್ಮೆಯಾಗಿತ್ತು. ನೂರಾರು ವರ್ಷ ಹಿಂದಿನ ಕವಿತೆಯ ನಾಲ್ಕು ಸಾಲು, ಹೆಣದ ಮುಂದೆ ಹೆಂಗಸರು ಹಾಡಿ ಅಳುತ್ತಿದ್ದ ಮಾತು, ಇವನ್ನೆಲ್ಲ ತೆಗೆದುಕೊಂಡು ತಮ್ಮ ಇಂಗ್ಲಿಷ್ ಸಾಲುಗಳ ನಡುವೆ ಕೂರಿಸುತ್ತಾರೆ, ಜನರ ಬಾಯಿಂದ ಮರೆಯಾಗುತ್ತಿದ್ದ ಅವರ ಐರಿಷ್ ಭಾಷೆ ಹಾಗೆ ಉಳಿಯುತ್ತಿದೆ ಎಂದು ನೀನು ಹೇಳಿದ್ದೆ. ನೀನೂ ನಮ್ಮ ತುಳುವಿಗೆ ಹಾಗೆ ಮಾಡುತ್ತೇನೆ ಎಂದಾಗ ಬೇಡ ಎನ್ನಲಿಲ್ಲ. ಆದರೆ ಅವರು ಅಳುವ ಹಾಡನ್ನು ಅಳು ಎಂದು ತಿಳಿದೇ ತೆಗೆದುಕೊಳ್ಳುತ್ತಾರಲ್ಲ? ನೀನು ಮಾಡಿದ್ದೇನು? ಗದ್ದೆ ಬದಿಯಲ್ಲಿ ಪ್ರೇಯಸಿಯನ್ನು ಎಬ್ಬಿಸುವ ಹುಡುಗನ ಹಾಡು ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆಸಿದ್ದೀ. ಕನ್ನಡದಲ್ಲಿ ಬಾಲೆ ಎಂದರೆ ಹುಡುಗಿ. ತುಳುವಿನಲ್ಲಿ ಬಾಲೆ ಎಂದರೆ ಮಗು, ಎದೆಹಾಲಿನ ಮಗು. ನಿನ್ನ ಅಮ್ಮ ಮೈಸೂರಿನವಳು. ಅವಳು ಬಂದ ಮೇಲೆ ಈ ಮನೆಯಲ್ಲಿ ತುಳು ನಿಂತಿತು. ಅದನ್ನು ಅವಳ ಎದುರಿಗೇ ಹೇಳಿದೆ. "ಅತ್ತೆ, ಕಲಿಸಬೇಕಾದವರು ನೀವಲ್ವಾ?" ಎಂದಳು ತೃಪ್ತಿ. ಎರಡು ದಿನ ನಮಗೆ ಮಾತಿಲ್ಲ.

ಹಾಡು ಕಟ್ಟಿದವರ ಹೆಸರಿರಬೇಕಾದ ಜಾಗದಲ್ಲಿ 'ಟ್ರೆಡಿಷನಲ್' ಎಂದಿತ್ತು. ಮೋರಿಸ್ ಇಗರ್ಜಿಯಲ್ಲಿ ಕೀಬೋರ್ಡ್ ನುಡಿಸುವವನು, ಹಾಗೆಂದರೇನು ಎಂದು ಅವನನ್ನೇ ಕೇಳಿದೆ.

"ಜನಪದ ಅಂತ ಆಂಟಿ. ಯಾರದ್ದೂ ಅಲ್ಲ. ಯಾರಿಗೆ ಬೇಕಾದ್ರೂ ತೆಕ್ಕೊಳ್ಳಬಹುದು."

ಯಾರದ್ದೂ ಅಲ್ಲವಂತೆ. ಅದು ನಮ್ಮೂರಿನ ಕೊರಪೊಳು ಎಂಬವಳು ಕಟ್ಟಿದ ಹಾಡು. ಗದ್ದೆಗೆ ಭತ್ತದ ನೇಜಿ ನೆಡಲು ಬರುತ್ತಿದ್ದವಳು. ಜ್ವರದ ಮಗುವನ್ನು ಗದ್ದೆಯ ಅಂಚಿನಲ್ಲಿ ಬಟ್ಟೆ ಹಾಸಿ ಮಲಗಿಸಿದ್ದಳು. ಮನೆಗೆ ಹೋಗುತ್ತೇನೆ ಎಂದು ಕೇಳಿದಳು. ಗದ್ದೆಯ ಧನಿಗಳ ಕಡೆಯವರು ಬಿಡಲಿಲ್ಲ. ಕೆಲಸ ತೀರಿಸಿ ಹೋಗಿ ಎತ್ತಿದಾಗ ಮಗು ತಣ್ಣಗಾಗಿತ್ತು. ಏಳು ಮಗೂ, ಗದ್ದೆ ಮುಗಿಯಿತು ಎಂದು ಅವಳು ಹೇಳಿದ್ದು ಆಗ. ಮುಂದಿನ ವರ್ಷ ನೆಡುವಾಗ ಅದನ್ನೇ ಹಾಡಿದಳು, ಉಳಿದ ಹೆಂಗಸರು ದನಿ ಕೂಡಿಸಿದರು. ಅಷ್ಟಕ್ಕೇ ಅದು ಜನಪದವಾಗಿಬಿಟ್ಟಿತೇ?

ಹಾಡನ್ನು ತೆಗೆದುಹಾಕು. ಇಲ್ಲವೇ ಅದನ್ನು ಅಳುವಂತೆ ಹಾಡಿ ಕೊರಪೊಳುವಿನ ಹೆಸರು ಹಾಕು. ಅದಾಗುವ ತನಕ ನನಗೆ ಫೋನ್ ಮಾಡಬೇಡ.

ಚಳಿಗೆ ಕಿವಿ ಮುಚ್ಚಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗುಣದಿಂದ ರೋಗಿಗಳು ಗೆಲುವಾಗಲಿ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಜ್ಜಿ,
ಪುಷ್ಪಾವತಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಲಿಲ್ಲ. ಜನಪದ ಎಂಬ ಮಾತು ನಿನ್ನದಲ್ಲ. ನಾನು ಗುನುಗುತ್ತಿದ್ದ ಇದು ಯಾರ ಹಾಡು ಎಂದು ನೀನು ಕೇಳಿದಾಗ, ಯಾರದ್ದೂ ಅಲ್ಲ, ಹಳೆಯದು ಎಂದವಳು ನಾನೇ. ಆ ಗದ್ದೆ ನಮ್ಮದು. ಆ ವರ್ಷ ನನ್ನ ಅಪ್ಪನಿಗೆ ಹುಷಾರಿರಲಿಲ್ಲ. ಹತ್ತನೆಯ ತರಗತಿ ಪಾಸಾದ ಮಗಳು ಎಂದು ಕೆಲಸ ನೋಡಿಕೊಳ್ಳಲು ನನ್ನನ್ನೇ ಕಳಿಸಿದ್ದರು. ಕೊರಪೊಳು ಎರಡು ಸಲ ಬಂದು ಕೇಳಿದಳು. ಎರಡು ಸಲವೂ, ಮುಗಿಸಿ ಹೋಗು ಎಂದೆ.