ಶಿವದಾರದ ಗಂಟು

ನಂದಕುಮಾರನ ಅಪ್ಪನವರಿಗೆ,

ಇದನ್ನು ನೀವು ಓದುವುದಿಲ್ಲ. ಇದ್ದಾಗಲೂ ನನ್ನ ಅಕ್ಷರ ಕಾಗೆಕಾಲು ಎಂದು ನಕ್ಕವರು ನೀವು.

ಮೊಮ್ಮಗಳು ಶರಣ್ಯಾಳ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಇದೆ. ಭಾಲ್ಕಿಯಿಂದ ಬೀದರಿಗೆ ಕರೆತಂದು ಔಷಧ ಹಾಕಿಸುತ್ತಿದ್ದೇವೆ. ಇವತ್ತು ಸ್ಕ್ಯಾನಿಗೆ ಹೋದಾಗ, ಕೊರಳಿನ ಲಿಂಗ ತೆಗೆಯಿರಿ, ಅದನ್ನಿಟ್ಟ ಬೆಳ್ಳಿಯ ಕರಡಿಗೆ ಮಷೀನಿನೊಳಗೆ ಹೋಗಬಾರದು ಎಂದಳು ನರ್ಸು.

"ಹುಟ್ಟಿದಾಗಿಂದ ಮೈಮ್ಯಾಲಿಂದ ತೆಗ್ದಿಲ್ಲವ್ವ. ನಿನ್ನ ಮಷೀನ್ ಶಿವನಕಿಂತ ದೊಡ್ಡದೇನು?" ಎಂದೆ.

ಶರಣ್ಯಾಳೇ ನನ್ನ ಸೆರಗು ಜಗ್ಗಿದಳು. "ಆಯಿ, ಜಗಳ ಆಡಬ್ಯಾಡ. ನಾ ಬರೋತನಕ ನೀ ಹಿಡ್ಕೊಂಡ್ ಕೂಡು."

ಹಿಡಿದುಕೊಂಡು ಕೂತೆ. ಮಗ ಚಹಾ ತಂದರೂ ಮುಷ್ಟಿ ಬಿಚ್ಚಲಿಲ್ಲ.

ಅವಳು ಹೊರಗೆ ಬಂದ ಮೇಲೆ ಕೊರಳಿಗೆ ಹಾಕಿದರೆ, ಲಿಂಗ ಎದೆಯ ಮೇಲೆ ನಿಲ್ಲದೆ ಹೊಟ್ಟೆಗೆ ಇಳಿಯಿತು. ಮೈ ಅಷ್ಟು ಸೊರಗಿದೆ. ಆ ಶಿವದಾರ ಹೊಸೆದವರು ನೀವು. "ಇಷ್ಟುದ್ದ ಯಾಕ್ರಿ?" ಎಂದು ಬೈದಿದ್ದೆ. "ಗಂಟು ಹಾಕಿ ಗಿಡ್ಡ ಮಾಡು. ಕೂಸು ಬೆಳದಂಗ ವರ್ಷಕ್ಕೊಂದು ಬಿಚ್ಚಿದ್ರಾತು" ಎಂದಿದ್ದಿರಿ. ಹೋದ ಯುಗಾದಿಗೂ ಒಂದು ಬಿಚ್ಚಿದ್ದೆ.

ಇವತ್ತು ಆ ಗಂಟನ್ನು ಮತ್ತೆ ಹಾಕಿದೆ.

"ಯಾಕ ಆಯಿ, ಗಿಡ್ಡ ಮಾಡ್ದಿ?" ಎಂದು ಕೇಳಿದಳು.

"ದಾರ ಬೆಳದದವ್ವ" ಅಂದೆ.