ಬಿಟ್ಟುಹೋದ ಬಾಣ

ಕ್ಯಾಂಪ್‌ಬೆಲ್,
೧೨ ಅಕ್ಟೋಬರ್ ೨೦೨೪

ಪ್ರೀತಿಯ ಸುರಕ್ಷಾ,

ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನೀನು ಕೆಲಸ ಬಿಟ್ಟು ವಾಲ್ನಟ್ ಕ್ರೀಕಿಗೆ ಹೋದ ಮೇಲೆ ಬರೆಯಲು ಆಗಿರಲಿಲ್ಲ, ಕ್ಷಮಿಸು. ನಾಲ್ಕು ದಿನದ ಹಿಂದೆ ಆಫೀಸಿನ ವಿಷಯ ತೆಗೆದೊಡನೆ ನೀನು ಫೋನು ಕಟ್ ಮಾಡಿದೆ, ಆಮೇಲೆ ಎತ್ತುತ್ತಲೇ ಇಲ್ಲ. ಕಾಗದವನ್ನಾದರೆ ನಡುವೆ ಕಟ್ ಮಾಡಲು ಬರುವುದಿಲ್ಲ. ನಿನ್ನ ಮೇಲೆ ಕೆಟ್ಟ ಸಿಟ್ಟು ಬಂದಿದೆ ನನಗೆ.

ನಮ್ಮ ಡ್ರಿಪ್ ಪಂಪಿಗೆ ನೀನು ಬರೆದ ಚಿತ್ರ ನೆನಪಿದೆಯಲ್ಲ? ಓಟ, ನಿಲುಗಡೆ, ಅಲಾರಂ, ಮ್ಯೂಟ್: ನಾಲ್ಕು ಡಬ್ಬಿ, ಪಂಪು ಯಾವುದರಿಂದ ಯಾವುದಕ್ಕೆ ಹೋಗಬೇಕೆಂದು ತೋರಿಸುವ ಬಾಣಗಳು. ಮ್ಯೂಟ್‌ನಿಂದ ಮತ್ತೆ ಅಲಾರಂಗೆ ಬಾಣವೇ ಇಲ್ಲ. ಹೋದ ವಾರ ಆಸ್ಪತ್ರೆಯ ಟ್ರಯಲ್‌ನಲ್ಲಿ ಮುದುಕರೊಬ್ಬರ ಡ್ರಿಪ್ ಕಟ್ಟಿಕೊಂಡು ಪಂಪು ಕೂಗಿತು. ನರ್ಸ್ ಮ್ಯೂಟ್ ಒತ್ತಿ ಇನ್ನೊಬ್ಬ ರೋಗಿಯ ಕಡೆ ಓಡಿದಳು. ಪಂಪು ಮತ್ತೆ ಕೂಗಲೇ ಇಲ್ಲ. ಅರ್ಧ ಗಂಟೆ ಔಷಧಿ ಹೋಗಲಿಲ್ಲ. ಪಕ್ಕದಲ್ಲಿದ್ದ ಅವರ ಮಗಳು ಗಮನಿಸಿದ್ದರಿಂದ ಜೀವ ಉಳಿಯಿತು.

ನರ್ಸುಗಳು ಮೊದಲು ಸದ್ದು ನಿಲ್ಲಿಸುತ್ತಾರೆ, ಆಮೇಲೆ ಕಾರಣ ಹುಡುಕುತ್ತಾರೆ. ಒಂದು ದಿನ ವಾರ್ಡಿನಲ್ಲಿ ನಿಂತಿದ್ದರೆ ನಿನಗೆ ತಿಳಿಯುತ್ತಿತ್ತು. ಹೋಗಿ ನೋಡು ಎಂದಾಗ ನೀನು, "ಎಂತಕ್ಕೆ ಮಾರಾಯ್ತಿ, ಚಿತ್ರ ಸರಿ ಇದ್ರೆ ಕೋಡು ತನ್ನಿಂದ ತಾನೇ ಸರಿ ಆಗ್ತದೆ" ಎಂದೆ. ಪುಸ್ತಕದ ಬದನೆಕಾಯಿ ಎಂದರೆ ಇದೇ.

ಚಿತ್ರವೇ ದಂಡ ಎನ್ನುವವಳು ನಾನಲ್ಲ. ನಮ್ಮ ಟೀಮಿನ ಉಲ್ಲಾಸ್ ಎರಡು ದಿನ ಕೋಡಿನಲ್ಲಿ ತಡಕಾಡಿದರೂ ಸಿಗದ ತಪ್ಪು, ನಿನ್ನ ಹಾಳೆ ಹರಡಿದ ಐದು ನಿಮಿಷಕ್ಕೆ ಕಣ್ಣಿಗೆ ಬಿತ್ತು. ಆದರೆ ಏನು ಹುಡುಕಬೇಕೆಂದು ಗೊತ್ತಿದ್ದವರಿಗಷ್ಟೇ ಆ ಹಾಳೆ ಬಾಯಿ ಬಿಡುತ್ತದೆ.

ಈಗ ಮ್ಯಾನೇಜರ್ ಅಮಿತ್ ಎಲ್ಲವನ್ನೂ ತನ್ವಿಯ ತಲೆಗೆ ಕಟ್ಟಿದ್ದಾನೆ. ಚಿತ್ರದಲ್ಲಿ ಇದ್ದ ಹಾಗೆಯೇ ಕೋಡು ಬರೆದ ಹುಡುಗಿ ಅವಳು. "ಬರೆಯೋರು ಸ್ವಲ್ಪ ತಲೆನೂ ಓಡಿಸ್ಬೇಕು" ಎನ್ನುತ್ತಾನೆ. ಅವಳು ವೀಸಾದ ಮೇಲಿದ್ದಾಳೆ; ಕೆಲಸ ಹೋಗಿ ಅರವತ್ತು ದಿನದಲ್ಲಿ ಬೇರೆಯದು ಸಿಗದಿದ್ದರೆ ದೇಶ ಬಿಡಬೇಕು. ಶುಕ್ರವಾರ ತೀರ್ಮಾನ. "ಚಿತ್ರ ನನ್ನದು, ತಪ್ಪೂ ನನ್ನದು" ಎಂದು ನೀನು ಎರಡು ಸಾಲಿನ ಮೇಲ್ ಹಾಕಿದರೆ ಅವಳು ಉಳಿಯುತ್ತಾಳೆ. ಬಿಟ್ಟ ಆಫೀಸಿನಲ್ಲಿ ನಿನಗೆ ಹೋಗುವ ಮಾನ ಯಾವುದು? ನೀನು ಬಾಯಿಗೆ ಬೀಗ ಹಾಕಿಕೊಂಡು ಕೂತಿರುವುದು ನೆನೆದರೆ ಮೈ ಉರಿಯುತ್ತದೆ.

ರತ್ನಾವತಿ ಅತ್ತೆಗೆ ನಮಸ್ಕಾರ ಹೇಳು. ನಿನ್ನ ಮಗ ಸುಘೋಷನಿಗೆ ನನ್ನ ಆಶೀರ್ವಾದ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ, ನಿನಗೆ ಸ್ವಲ್ಪ ಧೈರ್ಯವನ್ನೂ ಕೊಡಲಿ.

ನಿನ್ನ,
ನಿಶ್ಮಿತಾ

ತಾ.ಕ.: ತನ್ವಿ ಇದನ್ನು ಏಪ್ರಿಲ್‌ನಲ್ಲೇ ಹಿಡಿದಿದ್ದಳು. "ಅಕ್ಕಾ, ಮ್ಯೂಟ್ ಮಾಡಿದ್ಮೇಲೂ ತೊಂದ್ರೆ ಹಾಗೇ ಇದ್ರೆ ಮತ್ತೆ ಕೂಗ್ಬೇಡ್ವಾ?" ಎಂದು ನನ್ನ ಮೇಜಿನ ಹತ್ತಿರ ಬಂದು ಕೇಳಿದಳು. "ಸುರಕ್ಷಾ ತಪ್ಪು ಮಾಡುವುದಿಲ್ಲ, ಇದ್ದ ಹಾಗೆ ಬರಿ" ಎಂದು ಕಳಿಸಿದೆ. ಸೋಮವಾರದ ಮೀಟಿಂಗಿನಲ್ಲಿ ಅಮಿತ್ ಅವಳಿಗೆ, "ಇದ್ರ ಬಗ್ಗೆ ಯಾರನ್ನಾದ್ರೂ ಕೇಳಿದ್ಯಾ?" ಎಂದ. ಅವಳು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು, "ಇಲ್ಲ" ಎಂದಳು.